ನೂರ ಹನ್ನೆರಡನೇ ಪುಟಕ್ಕೆ ಅತ್ತವರು ಯಾರು?

ಹೊಳೆನರಸೀಪುರದ ಕಾಗೆಗಳು ಸಾಮಾನ್ಯದವಲ್ಲ. ಬೇರೆ ಊರಲ್ಲಿ ಕಾಗೆ ಕೂಗಿದರೆ ನೆಂಟರು ಬಂದು ಹೋಗುತ್ತಾರೆ. ಇಲ್ಲಿ ಕೂಗಿದರೆ ಬಂದವರು ಹದಿನೈದು ದಿನ ಹೋಗುವುದಿಲ್ಲ. ಅಂಥ ಕಾಗೆಗಳ ಪೈಕಿ ಮಹಾ ಪುಂಡ ಕಾಗೆಯೊಂದು, ಅದೂ ಶನಿವಾರ, ತಾರಸಿಯ ಮೇಲೆ ಸಂಡಿಗೆ ಕಾಯುತ್ತ ಕೂತಿದ್ದ ದೊಡ್ಡತಾಯಮ್ಮನ ನೆತ್ತಿಗೆ ಬಂದು ಬಡಿಯಿತು. ಬಡಿದ ಸದ್ದು ಹೇಮಾವತಿಯ ಆಚೆ ದಡಕ್ಕೆ ಕೇಳಿತು ಎನ್ನುವವರಿದ್ದಾರೆ. ನಾನು ಅಷ್ಟು ದೊಡ್ಡದು ಮಾಡಿ ಹೇಳುವವನಲ್ಲ. ಸೇತುವೆಯ ಅರ್ಧದವರೆಗೆ ಮಾತ್ರ ಕೇಳಿತು.

ನೆತ್ತಿಗೆ ಕಾಗೆ ಬಡಿದರೆ ಏನು ಮಾಡಬೇಕೆಂದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬಡಿಸಿಕೊಂಡವರು ಸತ್ತುಹೋದರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಸುದ್ದಿ ಕೇಳಿ ಯಾರಾದರೂ ಒಬ್ಬರು ನಿಜವಾಗಿ ಅತ್ತುಬಿಟ್ಟರೆ ಕಂಟಕ ಕಳೆಯಿತು. ಅಳಿ ಎಂದು ಯಾರನ್ನೂ ಕೇಳಿಕೊಳ್ಳುವ ಹಾಗಿಲ್ಲ. ಅಳು ತಾನಾಗಿ ಬರಬೇಕು. ಒಂಬತ್ತನೇ ದಿನ ದೀಪ ಹಚ್ಚುವುದರೊಳಗೆ ಇದೆಲ್ಲ ಮುಗಿಯಬೇಕು ಎಂದರು ಜೋಯಿಸರು.

ದೊಡ್ಡತಾಯಮ್ಮನ ಮಗ ಹಳೇಕೋಟೆಯ ಕೆಂಪಣ್ಣ. ಆತನ ಮೀಸೆಯ ಎರಡು ಭಾಗಗಳು ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಹಾಗೆ ಒಂದಕ್ಕೊಂದು ಅಳತೆ ತಪ್ಪದೆ ನಿಂತಿರುತ್ತವೆ. ಆತ ಒಮ್ಮೆ ಕೆಮ್ಮಿದರೆ ಹಳೇಕೋಟೆಯ ಎಮ್ಮೆಗಳು ಹಾಲಿಳಿಸುತ್ತವೆ. ಇನ್ನೊಮ್ಮೆ ಕೆಮ್ಮಿದರೆ ವಾಪಸು ಏರಿಸಿಕೊಳ್ಳುತ್ತವೆ. ಇಂಥವನು ತಾಯಿಯ ಮುಂದೆ ಮಾತ್ರ ನೆನೆದ ಅವಲಕ್ಕಿ. ಆತ ತಕ್ಷಣ ಮನೆತನದ ವಾಟ್ಸಾಪ್ ಗುಂಪಿಗೆ "ಅವ್ವ ಹೋಗಿಬಿಟ್ಟಳು" ಎಂದು ಹಾಕಿದ. ಎರಡೇ ನಿಮಿಷದಲ್ಲಿ ನಲವತ್ತು ಜೊತೆ ಮುಗಿದ ಕೈಗಳು ಬಂದವು, ಹನ್ನೊಂದು "ಓಂ ಶಾಂತಿ" ಬಂದವು, ಒಬ್ಬ ಸೋದರಳಿಯ ಅಭ್ಯಾಸಬಲದಿಂದ "ಹುಟ್ಟುಹಬ್ಬದ ಶುಭಾಶಯಗಳು" ಎಂದೂ ಹಾಕಿದ. ಕಣ್ಣೀರು ಮಾತ್ರ ಒಂದು ಹನಿಯೂ ಬರಲಿಲ್ಲ. ಅಳಲು ತಯಾರಾಗಿದ್ದ ಒಬ್ಬಳೇ ಒಬ್ಬಳು, ಮುದುಕಿಯ ತಂಗಿ ಮಗಳು, ಸೀದಾ ವಿಡಿಯೋ ಕರೆ ಮಾಡಿದಳು. ಫೋನು ಎತ್ತಿದವಳು ದೊಡ್ಡತಾಯಮ್ಮನೇ. "ಯಾರವ್ವ ಸತ್ತಿದ್ದು?" ಎಂದು ವಿಚಾರಿಸಿದಳು. ಅಲ್ಲಿಗೆ ಆ ದಾರಿ ಮುಚ್ಚಿತು. ಇನ್ನು ಮುದುಕಿ ನಿಜವಾಗಿ ಹೋದರೂ ನೆಂಟರು ನಂಬುವುದು ತಿಥಿಯ ಊಟಕ್ಕೆ ಎಲೆ ಹಾಕಿದ ಮೇಲೆಯೇ.

ಎಂಟು ದಿನ ಹೀಗೆ ಕಳೆದವು. ಎಂಟನೇ ದಿನದ ಸಂಜೆ ಕೆಂಪಣ್ಣನ ಮಗಳು ರೂಪಶ್ರೀ, ಪೇಟೆಯ ಮನೆಯಲ್ಲಿ ಅಜ್ಜಿಯ ಜೊತೆಗಿದ್ದುಕೊಂಡು ಬಿ.ಎಡ್. ಓದುವವಳು, ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾಜಿ, ಅಜ್ಜಿ ಆಗ್ಲೇ ಸತ್ತವ್ಳೆ. ಅಚ್ಚೂ ಆಗೈತೆ. ನೂರ ಹನ್ನೆರಡನೇ ಪುಟ."

ಕೊಂದವನು ಪಕ್ಕದ ಮನೆಯಲ್ಲಿ, ದೊಡ್ಡತಾಯಮ್ಮನದೇ ಬಾಡಿಗೆ ಮನೆಯಲ್ಲಿ, ಇರುವ ಚಲುವನಾರಾಯಣ. ಕಾಲೇಜೊಂದರ ಗುಮಾಸ್ತ. ಜಿರಲೆ ಅಡ್ಡ ಬಂದರೆ "ಸ್ವಲ್ಪ ಸರಿಯಪ್ಪ" ಎನ್ನುವಷ್ಟು ಸಾಧು. ಅವನು ಏಳು ವರ್ಷ ಕೂತು "ನಲ್ಲಿ ಬರುವ ಹೊತ್ತು" ಎಂಬ ಕಾದಂಬರಿ ಬರೆದಿದ್ದ. ಇನ್ನೂರು ಪುಟದಲ್ಲಿ ನಡೆಯುವುದಿಷ್ಟೆ: ಒಂದು ಸಣ್ಣ ಊರು, ಅದರಲ್ಲೊಂದು ಬೀದಿ, ಐದೂಕಾಲಿಗೆ ನಲ್ಲಿ ಬರುತ್ತದೆ, ಆರಕ್ಕೆ ನಿಲ್ಲುತ್ತದೆ. ಕೊಲೆಯಿಲ್ಲ, ಓಡಿಹೋಗುವವರಿಲ್ಲ, ಯಾರೂ ಗಟ್ಟಿಯಾಗಿ ಸೀನುವುದೂ ಇಲ್ಲ. ಆ ಪುಸ್ತಕವನ್ನು ಕಪಾಟಿನಲ್ಲಿಟ್ಟರೆ ಅಕ್ಕಪಕ್ಕದ ಪುಸ್ತಕಗಳೂ ದನಿ ತಗ್ಗಿಸುತ್ತವೆ. ಇಡೀ ಕಾದಂಬರಿಯಲ್ಲಿ ನಡೆಯುವ ಒಂದೇ ಘಟನೆ ಎಂದರೆ ನೂರ ಹನ್ನೆರಡನೇ ಪುಟದಲ್ಲಿ ಒಬ್ಬ ಮುದುಕಿ ಸಾಯುವುದು. ಅವಳ ಹೆಸರು ಚಿಕ್ಕತಾಯಮ್ಮ. ಚಲುವನಾರಾಯಣನ ಬುದ್ಧಿ ವೇಷ ಮರೆಸುವುದರಲ್ಲಿ ಅಷ್ಟು ದೂರ ಮಾತ್ರ ಓಡಿತ್ತು. ಗಲ್ಲದ ಮೇಲಿನ ಮಚ್ಚೆ, ನಶ್ಯದ ಡಬ್ಬಿ, ಎಡಗಾಲಿನ ಎಳೆತ ಎಲ್ಲವನ್ನೂ ದೊಡ್ಡತಾಯಮ್ಮನಿಂದ ಹಾಗೇ ಎತ್ತಿಟ್ಟಿದ್ದ.

ಒಂಬತ್ತನೇ ದಿನ ಭಾನುವಾರ. ಚಲುವನಾರಾಯಣ ಹಲ್ಲುಜ್ಜಿ ಮುಖ ಒರೆಸಿಕೊಳ್ಳುತ್ತಿದ್ದಾಗ ಬಾಗಿಲ ಮುಂದೆ ಜೀಪು ನಿಂತಿತು. ಕೆಂಪಣ್ಣ ಇಳಿದ, ಚಪ್ಪಲಿ ಬಿಟ್ಟ, ಎರಡೂ ಕೈ ಜೋಡಿಸಿ ನಮಸ್ಕರಿಸಿದ. ಆ ತಾಲ್ಲೂಕಿನಲ್ಲಿ ಕೆಂಪಣ್ಣ ಬೈದರೆ ಯಾರೂ ಹೆದರುವುದಿಲ್ಲ. ಕೈ ಮುಗಿದರೆ ಹೆದರುತ್ತಾರೆ. ಚಲುವನಾರಾಯಣನ ಕೈಯಿಂದ ಟವೆಲು ತಾನಾಗಿ ಕೆಳಗಿಳಿದು ಮೂಲೆ ಸೇರಿತು.

"ಸಾಮಿ, ನಮ್ಮವ್ವನ್ನ ಸಾಯ್ಸಿದ್ದೀರಂತೆ."

"ಗೌಡ್ರೆ, ಅದು ಕಾದಂಬರಿ. ಕಲ್ಪನೆ. ಆಕೆ ಚಿಕ್ಕತಾಯಮ್ಮ..."

"ತಪ್ಪು ಅಂದ್ನಾ ನಾನು? ಸಾಯ್ಸಿದ್ದು ಒಳ್ಳೇದೇ ಆಯ್ತು."

ಮುಂದಿನದನ್ನು ಕೆಂಪಣ್ಣ ವಿವರವಾಗಿ ಹೇಳಿದ. ಜೋಯಿಸರನ್ನು ಕೇಳಿಯಾಗಿದೆ. ಕಾಗದದಲ್ಲಿ ಬರೆದ ಸಾವಿಗಿಂತ ಅಚ್ಚಾದ ಸಾವು ಗಟ್ಟಿ. ಕಾಗೆ ಬಡಿಯುವುದಕ್ಕೆ ಮುಂಚೆ ಅತ್ತಿದ್ದರೂ ಅಡ್ಡಿಯಿಲ್ಲ, ಮುಂಗಾರು ಎರಡು ದಿನ ಮೊದಲೇ ಬಂದ ಹಾಗೆ. ಆ ಪುಟ ಓದಿ ಅತ್ತವರು ಒಬ್ಬರು ಸಿಕ್ಕಿ, ಹೌದು ಅತ್ತೆ ಎಂದು ತಮ್ಮ ಬಾಯಲ್ಲಿ ಹೇಳಿದರೆ ಸಾಕು.

"ಅಕಸ್ಮಾತ್ ಯಾರೂ... ಅಂದರೆ, ಓದುಗರು ಒಬ್ಬೊಬ್ಬರು ಒಂದೊಂದು ಥರ ಗೌಡ್ರೆ," ಎಂದ ಚಲುವನಾರಾಯಣ.

"ದೀಪ ಅಚ್ಚೋದ್ರೊಳ್ಗೆ ಒಬ್ರೂ ಸಿಗ್ನಿಲ್ಲ ಅಂತ ಇಟ್ಕಳಿ. ನಾಳೆ ಅವ್ವಂಗೆ ಏನಾರ ಆಯ್ತು ಅಂತ ಇಟ್ಕಳಿ. ಕಾಗೇನ ಎಲ್ಲಿ ಅಂತ ಉಡುಕ್ಲಿ ನಾನು? ಅದು ಕೈಗೆ ಸಿಗಾಕಿಲ್ಲ. ನೀವು ಸಿಗ್ತೀರಿ."

ಹೇಳಿದ್ದು ಬಲು ಮೆತ್ತಗೆ. ಚಲುವನಾರಾಯಣ ಮೂಲೆ ಸೇರಿದ್ದ ಟವೆಲನ್ನು ಎತ್ತಿಕೊಂಡು, ಒಣಗಿದ ಮುಖವನ್ನೇ ಮತ್ತೊಮ್ಮೆ ಒರೆಸಿಕೊಂಡ.

ಮೊದಲ ವಿಚಾರಣೆ ಮನೆಯಿಂದಲೇ ಆಯಿತು. ಕಾಫಿ ತಂದ ಹೆಂಡತಿ ಸರಸಳನ್ನು ಕೆಂಪಣ್ಣ, ಪುಸ್ತಕ ಓದಿ ಅತ್ತಿರಾ ತಾಯಿ ಎಂದು ಕೇಳಿದ. ಸರಸ ತಟ್ಟೆ ಕೆಳಗಿಟ್ಟು, ಅತ್ತೆ ಎಂದಳು. ಗಂಡನ ಜೀವ ಬಂದಲ್ಲಿಗೆ ಬಂತು.

"ನಲವತ್ತನೇ ಪುಟಕ್ಕೆ ಅತ್ತೆ," ಎಂದು ಅವಳು ಮುಂದುವರಿಸಿದಳು. "ಕಿಟಕಿಯಲ್ಲಿ ಒಂದು ಹಳದಿ ಸೀರೆ ಹಾದುಹೋಯಿತು ಅಂತ ಬರೆದಿದಾರೆ. ನನ್ನ ಹತ್ತಿರ ಹಳದಿ ಸೀರೆ ಇಲ್ಲ. ಅಂಚೆ ಕಚೇರಿ ನೀಲಾಂಬಿಕೆ ಹತ್ತಿರ ಎರಡಿದೆ. ಅಲ್ಲಿಗೇ ಮುಚ್ಚಿಟ್ಟೆ."

ನೀಲಾಂಬಿಕೆಯ ಮುಖವನ್ನು ತಾನು ಅಂಚೆಚೀಟಿಯಷ್ಟೂ ನೋಡಿಲ್ಲವೆಂದು ಚಲುವನಾರಾಯಣ ಹೇಳಲು ಹೋದ. ಆದರೆ ಕೆಂಪಣ್ಣ ಆಗಲೇ ನಲವತ್ತನೇ ಪುಟದ ಕಣ್ಣೀರನ್ನು ತಳ್ಳಿಹಾಕಿ ಮಗಳ ಕಡೆ ತಿರುಗಿದ್ದ. ರೂಪಶ್ರೀ ಹಾಸನದ ವಾರಪತ್ರಿಕೆಯೊಂದರ ತುಂಡನ್ನು ಮುಂದೆ ಹಿಡಿದಳು. ವಾಚಕರ ವಾಣಿ. "ನಲ್ಲಿ ಬರುವ ಹೊತ್ತು ಕಾದಂಬರಿಯ ನೂರ ಹನ್ನೆರಡನೇ ಪುಟ ಓದಿ ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಎದೆಯ ಬಿಂದಿಗೆ ತುಳುಕಿತು. ಇಂಥ ಕೃತಿ ಶತಮಾನಕ್ಕೊಂದು. ಕೀರ್ತಿರಾಜ್, ಚನ್ನರಾಯಪಟ್ಟಣ."

ಕೆಂಪಣ್ಣನ ಮೀಸೆ ಅರಳಿತು. ಚಲುವನಾರಾಯಣನ ರಕ್ತ ಮಾತ್ರ ಕೆಳಗಿಳಿದು, ಹೆಬ್ಬೆರಳಿನ ತುದಿ ಮುಟ್ಟಿ, ಅಲ್ಲಿಂದ ಮುಂದೆ ದಾರಿ ಕಾಣದೆ ನಿಂತಿತು. ಯಾಕೆಂದರೆ ಆ ಪತ್ರ ಬರೆದವನು ಅವನೇ. ಪುಸ್ತಕ ಹೊರಬಂದು ಮೂರು ತಿಂಗಳಾದರೂ ಒಂದು ಸಾಲಿನ ಮೆಚ್ಚುಗೆ ಬಾರದಾಗ, ಒಂದು ಮಧ್ಯಾಹ್ನ ತಡೆಯಲಾರದೆ ಬರೆದು ಅಂಚೆಗೆ ಹಾಕಿದ್ದ. ಚನ್ನರಾಯಪಟ್ಟಣದಲ್ಲಿ ತನಗೆ ಗುರುತಿನವರು ಯಾರೂ ಇಲ್ಲವೆಂದು ಆ ಊರು ಹಾಕಿದ್ದ. ಕೀರ್ತಿರಾಜ್ ಎಂಬ ಹೆಸರು ಕೇಳಲು ಭಾರಿಯಾಗಿದೆ ಎಂದು ಆ ಹೆಸರು ಹಾಕಿದ್ದ.

"ನಡೀರಿ ಚನ್ರಾಯಪಟ್ಣಕ್ಕೆ," ಎಂದ ಕೆಂಪಣ್ಣ.

ಚಲುವನಾರಾಯಣ ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಬ್ಬರ ಮಾತಿಗಿಂತ ಮೂವರ ಮಾತು ಗಟ್ಟಿಯಲ್ಲವೇ, ಚನ್ನರಾಯಪಟ್ಟಣದ ಸಾಕ್ಷಿ ಹೇಗೂ ಕೈಯಲ್ಲಿದೆ, ಅದನ್ನು ಕೊನೆಗಿಟ್ಟುಕೊಂಡು ಮೊದಲು ಮಲ್ಲಿಪಟ್ಟಣ ಮತ್ತು ಹಾಸನದಲ್ಲಿ ಇಬ್ಬರು ದೊಡ್ಡ ಓದುಗರನ್ನು ಕಾಣೋಣ ಎಂದ. ಅಷ್ಟರಲ್ಲಿ ಭೂಮಿ ಬಾಯಿ ಬಿಟ್ಟರೂ ಬಿಟ್ಟೀತೆಂಬುದು ಅವನ ಲೆಕ್ಕಾಚಾರ. ಕೆಂಪಣ್ಣ ಒಪ್ಪಿದ. ಜೀಪು ಓಡಿಸಲು ರೂಪಶ್ರೀ ಕೂತಳು. ಮುಂದಿನ ಸೀಟಿನಲ್ಲಿ ದೊಡ್ಡತಾಯಮ್ಮ ಹೊಸ ಸೀರೆ ಉಟ್ಟು, ನಶ್ಯ ಏರಿಸಿ, ಮದುವೆಗೆ ಹೊರಟವಳಂತೆ ಕೂತಿದ್ದಳು. ತಾನು ಸತ್ತದ್ದಕ್ಕೆ ಯಾರ್‍ಯಾರು ಎಷ್ಟೆಷ್ಟು ಅತ್ತಿದ್ದಾರೆಂದು ಕಣ್ಣಾರೆ ನೋಡುವ ಭಾಗ್ಯ ಎಷ್ಟು ಜನಕ್ಕುಂಟು? ಹಿಂದೆ ಕೆಂಪಣ್ಣ, ಎದುರಿಗೆ ಚಲುವನಾರಾಯಣ, ಇಬ್ಬರ ಕಾಲ ನಡುವೆ ಎಳನೀರು ಕೊಚ್ಚುವ ಮಚ್ಚು. ಜೀಪು ಎಡಕ್ಕೆ ತಿರುಗಿದಾಗಲೆಲ್ಲ ಆ ಮಚ್ಚು ಜಾರಿ ಬಂದು ಚಲುವನಾರಾಯಣನ ಪಾದ ಮುಟ್ಟಿ ಹೋಗುತ್ತಿತ್ತು. ಅರಕಲಗೂಡಿನ ರಸ್ತೆಯಲ್ಲಿ ಎಡ ತಿರುವುಗಳು ಮುನ್ನೂರ ಹದಿನಾರಿವೆ. ಅವನು ಎಣಿಸಿದ್ದಾನೆ.

ಮಲ್ಲಿಪಟ್ಟಣದ ಮಂಜುನಾಥ ಮೇಷ್ಟ್ರು ನಿವೃತ್ತ ಕನ್ನಡ ಪಂಡಿತರು. ತಮ್ಮ ಮದುವೆಯ ಲಗ್ನಪತ್ರಿಕೆಯನ್ನೇ ತಿದ್ದಿ ಮಾವನಿಗೆ ವಾಪಸು ಕಳಿಸಿದವರು. ಅವರು ಒಳಗಿನಿಂದ ತಂದ ಕಾದಂಬರಿ ಪ್ರತಿ ಪುಟಕ್ಕೂ ಕೆಂಪು ಶಾಯಿ ಕುಡಿದು ದಾಸವಾಳದ ಗಿಡದಂತಿತ್ತು. ಅತ್ತಿರಾ ಎಂದು ಕೆಂಪಣ್ಣ ಕೇಳಿದ್ದಕ್ಕೆ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನೂರ ಹನ್ನೆರಡರಲ್ಲಿ ಅಜ್ಜಿ ಸಾಯೋದಿಲ್ವಾ ಸಾ?" ಎಂದು ರೂಪಶ್ರೀ ನೆನಪಿಸಿದಳು.

"ಯಾವ ಅಜ್ಜಿ? ಈ ಪುಸ್ತಕದಲ್ಲಿ ಯಾರೂ ಸತ್ತಿಲ್ಲವಲ್ಲ." ಮೇಷ್ಟ್ರು ಪುಟ ತೆರೆದು ಬೆರಳಿಟ್ಟು ಓದಿದರು. "ಐದೂಕಾಲಿಗೆ ನಲ್ಲಿ ಬಂತು. ಚಿಕ್ಕತಾಯಮ್ಮ ರಾತ್ರಿಯೇ ಇಟ್ಟಿದ್ದ ಬಿಂದಿಗೆ ತುಂಬಿತು. ತುಂಬಿದ ಮೇಲೂ ನೀರು ಬೀಳುತ್ತಲೇ ಇತ್ತು... ಎಲ್ಲಿ ಸತ್ತಳು? ನಲ್ಲಿ ನಿಲ್ಲಿಸೋದು ಮರೆತಿದಾಳೆ. ಅಂಚಿನಲ್ಲಿ ಬರೆದಿದೀನಿ ನೋಡಿ, ನೀರು ಪೋಲು, ಪುರಸಭೆಗೆ ತಿಳಿಸಬಹುದಿತ್ತು."

ಚಲುವನಾರಾಯಣ ತೊದಲುತ್ತ, ಅದು ಸೂಚ್ಯ, ಸಾವನ್ನು ಬಾಯಿಬಿಟ್ಟು ಹೇಳದೆ ಹೇಳಿದ್ದು ಎಂದ. ಹೇಳಬೇಕಾದ್ದನ್ನು ಹೇಳದೆ ಬಿಟ್ಟವರಿಗೆ ತಾವು ಮೂವತ್ತು ವರ್ಷ ಸೊನ್ನೆಯೇ ಕೊಟ್ಟಿರುವುದಾಗಿ ಮೇಷ್ಟ್ರು ತಿಳಿಸಿದರು. ಅಷ್ಟೂ ಹೊತ್ತು ಜೀಪಿನಿಂದ ಕತ್ತು ಚಾಚಿ ಕೇಳುತ್ತಿದ್ದ ದೊಡ್ಡತಾಯಮ್ಮನ ಮುಖ ಬಾಡಿತು. ತಾನು ಸತ್ತದ್ದು ಅಷ್ಟು ಓದಿದ ಮನುಷ್ಯನಿಗೇ ಗೊತ್ತಾಗಲಿಲ್ಲವಲ್ಲ ಎಂಬ ಬೇಸರ.

ಜೀಪು ಹೊರಟ ಮೇಲೆ ಕೆಂಪಣ್ಣ ಮಚ್ಚನ್ನು ಕಾಲಿನಿಂದ ನೆಟ್ಟಗೆ ಮಾಡುತ್ತ ಕೇಳಿದ.

"ಸಾಮಿ, ಸಾಯ್ಸೋರು ನೆಟ್ಟಗೆ ಸಾಯ್ಸಬಾರ್ದಿತ್ತಾ?"

ಹಾಸನ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ದಾರಿಯ ಹೋಟೆಲಿನಲ್ಲಿ ದೊಡ್ಡತಾಯಮ್ಮ ಎರಡು ಮುದ್ದೆ ಸಲೀಸಾಗಿ ಇಳಿಸಿದಳು. ಚಲುವನಾರಾಯಣ ಎಲೆಯ ಮೇಲಿನ ಅಗುಳುಗಳನ್ನು ಒಂದೊಂದಾಗಿ ಎಣಿಸುತ್ತ ಕೂತಿದ್ದ. ಹಾಸನದ ಓದುಗರೆಂದರೆ 'ನಲ್ಲಿ ಬರುವ ಹೊತ್ತು' ಬಗ್ಗೆ ಒಂದು ಸಭೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದ ಉಪನ್ಯಾಸಕಿ ಸಂಘಮಿತ್ರಾ. ಆಕೆ ಲೇಖಕನನ್ನು ಕಂಡು ಸಂತೋಷಪಟ್ಟು ಎಲ್ಲರಿಗೂ ಕುರ್ಚಿ ಹಾಕಿಸಿದಳು. ನೂರ ಹನ್ನೆರಡನೇ ಪುಟವೆಂದರೆ ಕಾದಂಬರಿಯ ಶಿಖರ ಎಂದಳು. ಆ ಪುಟಕ್ಕೆ ಬಂದಾಗ ಪುಸ್ತಕ ಮಡಚಿಟ್ಟು ಕಣ್ಣು ಮುಚ್ಚಿ ಕೂತುಬಿಟ್ಟೆ ಎಂದಳು. ಕೆಂಪಣ್ಣ ಕುರ್ಚಿಯ ಅಂಚಿಗೆ ಜರುಗಿದ. ಚಲುವನಾರಾಯಣ ಮನೆದೇವರಿಗೆ ತುಪ್ಪದ ದೀಪ ಹರಸಿಕೊಂಡ.

"ಅತ್ರಾ ತಾಯಿ?"

"ಅಳೋದು ಯಾಕೆ? ನಗು ಬಂತು. ಅಂದರೆ ಒಂದು ಥರದ ನೆಮ್ಮದಿಯ ನಗು. ಅಲ್ಲಿ ಸತ್ತಿದ್ದು ಮುದುಕಿ ಅಲ್ಲ, ಒಂದು ಕಾಲಘಟ್ಟ. ಅದು ಹೋಗಲೇಬೇಕಿತ್ತು. ಒಳ್ಳೆಯದೇ ಆಯಿತು ಅನ್ನಿಸಿತು ನನಗೆ."

ಕೋಣೆಯಲ್ಲಿ ಒಂದು ನೊಣ ಹಾರುತ್ತಿತ್ತು. ಅದೂ ಹೆದರಿ ಗೋಡೆಗೆ ಕೂತಿತು. ದೊಡ್ಡತಾಯಮ್ಮ ಕೋಲೂರಿ ಎದ್ದಳು.

"ನಾನು ಯಾರು ಗೊತ್ತೇನವ್ವ? ಆ ಕಾಲಗಟ್ಟ ನಾನೇ."

ಸಂಘಮಿತ್ರಾ ಗಾಬರಿಯಿಂದ ಆಕೆಯ ಗಲ್ಲದ ಮಚ್ಚೆ ನೋಡಿದಳು, ನಶ್ಯದ ಡಬ್ಬಿ ನೋಡಿದಳು, ಚಲುವನಾರಾಯಣನ ಕಡೆ ನೋಡಿದಳು. ಅವನು ಕುರ್ಚಿಯಲ್ಲಿರಲಿಲ್ಲ. ಆಗಲೇ ಜೀಪು ಹತ್ತಿ, ಬಾಗಿಲಿಗೆ ದೂರದ ಮೂಲೆಯಲ್ಲಿ ಮುದುಡಿ ಕೂತಿದ್ದ.

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೆದ್ದಾರಿ. ರೂಪಶ್ರೀ ಓಡಿಸಿದ ವೇಗಕ್ಕೆ ಅಕ್ಕಪಕ್ಕದ ತೆಂಗಿನ ಮರಗಳು ಹಿಂದಕ್ಕೆ ಬಾಗಿ ದಾರಿ ಬಿಟ್ಟವು. ಹಿಂದೆ ಕೂತವನು ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ ಮಾಡುತ್ತಿದ್ದ: ಆ ಊರಲ್ಲಿ ಕೀರ್ತಿರಾಜ್ ಎಂಬ ಪ್ರಾಣಿ ಇರದಿರಲಿ, ಊರು ಬಿಟ್ಟುಹೋಗಿದ್ದಾನೆಂದು ಹೇಳಿ ಕೈ ಚೆಲ್ಲಿಬಿಡೋಣ. ಬಸ್ ನಿಲ್ದಾಣದ ಬಳಿ ಜೀಪು ನಿಲ್ಲಿಸಿ ಕೆಂಪಣ್ಣ ಟೀ ಅಂಗಡಿಯವನನ್ನು ಕೀರ್ತಿರಾಜ್ ಎಂಬವರು ಗೊತ್ತೇ ಎಂದು ಕೇಳಿದ.

"ಯಾವ ಕೀರ್ತಿರಾಜು? ಅಳೋ ಕೀರ್ತಿರಾಜಾ?" ಎಂದ ಅವನು. "ಇಂಗೇ ಸೀದಾ ಓಗಿ, ಟೈರಂಗ್ಡಿ."

ತಾನು ಹುಟ್ಟಿಸಿದ ಮನುಷ್ಯ ವಿಳಾಸ ಸಮೇತ ಎದ್ದು ಬಂದದ್ದು ಕಂಡು ಚಲುವನಾರಾಯಣನ ಕಿವಿಯೊಳಗೆ ಗುಂಯ್ ಎಂದಿತು. ಟೈರಿನ ಅಂಗಡಿಯ ಮುಂದೆ, ನಾವು ಇಡ್ಲಿ ಎತ್ತುವ ಹಾಗೆ ಒಂದು ಕೈಯಲ್ಲಿ ಲಾರಿ ಚಕ್ರ ಎತ್ತುತ್ತಿದ್ದ ಆಳೊಬ್ಬ ನಿಂತಿದ್ದ. ಎತ್ತರ ಎಷ್ಟೆಂದರೆ, ಅವನ ತಲೆಗೆ ಮಳೆ ಬಿದ್ದರೆ ಪಾದಕ್ಕೆ ಮರುದಿನ ತಿಳಿಯುತ್ತದೆ. ಕೆಂಪಣ್ಣ ಎರಡೂ ಕೈ ಹಿಡಿದುಕೊಂಡು, ಅಪ್ಪಾ, ನೀನು ಅತ್ತಿದ್ದೀಯಂತಲ್ಲ ಎಂದ. ಪತ್ರಿಕೆಯ ತುಂಡು ಕಂಡದ್ದೇ ತಡ, ಆ ಆಳಿನ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು.

"ಎಸ್ಸೆಸ್ಸೆಲ್ಸಿ ಆದ್ಮೇಲೆ ಪುಸ್ತಕ ಮುಟ್ಟೋನಲ್ಲ ಅಣ್ಣ ನಾನು. ಕುಸ್ತೀಲಿ ಬುಜ ಮುರ್ದಾಗ್ಲೂ ಅತ್ತೋನಲ್ಲ. ಇದು ಬಂದಾಗಿಂದ ಗರಡೀಲಿ ನಂಗೆ ಅಳೋ ಕೀರ್ತಿರಾಜ ಅಂತ ಎಸ್ರು. ಎಣ್ಣು ಕೇಳಕ್ಕೋದ್ರೆ, ನಲ್ಲಿ ನೋಡಿ ಅಳೋ ಗಂಡು ಬ್ಯಾಡ ಅಂತಾರೆ. ಬರ್ದೋನು ಒಂದ್ಸಾರಿ ಕೈಗೆ ಸಿಗ್ಲಿ. ಈ ಟೈರಿನೊಳ್ಗೆ ಕೂರ್ಸಿ ಗಾಳಿ ಒಡೀತೀನಿ."

"ಎಂಥಾ ಜನ ಇರ್ತಾರೆ," ಎಂದ ಚಲುವನಾರಾಯಣ. ಅವನ ದನಿ ಪಂಕ್ಚರಾದ ಟ್ಯೂಬಿನದಾಗಿತ್ತು.

ಕೆಂಪಣ್ಣ ಆಕಾಶ ನೋಡಿದ. ಸೂರ್ಯ ತೆಂಗಿನ ಗರಿಗಳ ಮೇಲೆ ಎರಡು ಗೇಣಿನಷ್ಟು ಉಳಿದಿದ್ದ. ಆಗ ರೂಪಶ್ರೀ, ಪತ್ರಿಕೆಯ ತುಂಡನ್ನೂ ಪುಸ್ತಕವನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಿದ್ದವಳು, ಯಾರ ಮೇಲೂ ದ್ವೇಷವಿಲ್ಲದ ದನಿಯಲ್ಲಿ ಹೇಳಿದಳು.

"ಇಲ್ಲಿ 'ಎದೆಯ ಬಿಂದಿಗೆ ತುಳುಕಿತು' ಅಂತ ಐತೆ ಅಪ್ಪಾಜಿ. ಪುಸ್ತಕದ ಐವತ್ತೆಂಟರಲ್ಲೂ ಐತೆ, ಎಪ್ಪತ್ತರಲ್ಲೂ ಐತೆ, ನೂರ ಮೂರರಲ್ಲಿ ಎರಡ್ಸಲ ಐತೆ. ಬ್ಯಾರೆ ಯಾರ ಎದೇಲೂ ಬಿಂದಿಗೆ ಇರಾಕಿಲ್ಲ."

ಲೋಕದಲ್ಲಿ ಆಗ ಎರಡೇ ಗೋಡೆಗಳಿದ್ದವು. ಎಡಕ್ಕೆ ಕೆಂಪಣ್ಣ, ಬಲಕ್ಕೆ ಕೀರ್ತಿರಾಜ್. ನಡುವೆ ಚಲುವನಾರಾಯಣ. "ನಾನೇ ಬರೆದದ್ದು," ಎಂದ. ಅವನ ಇಡೀ ಕಾದಂಬರಿಗಿಂತ ಮೆತ್ತಗಿತ್ತು ಆ ದನಿ. ಆದರೂ ಈ ಸಲ ಇಬ್ಬರು ಓದುಗರಿಗೂ ಪೂರ್ತಿ ಅರ್ಥವಾಯಿತು. ಒಬ್ಬ ತೋಳು ಮಡಚಿದ. ಇನ್ನೊಬ್ಬ ಪಂಚೆ ಎತ್ತಿ ಕಟ್ಟಿದ.

"ತಡೀರ್ಲಾ," ಎಂದಳು ದೊಡ್ಡತಾಯಮ್ಮ.

ಅವಳು ಜೀಪಿನಿಂದ ಇಳಿದು ಬಂದು ಒಂದು ಟೈರಿನ ಮೇಲೆ ಕೂತಳು. "ಬೆಳಗಿಂದ ಕೇಳ್ತಾನೇ ಇವ್ನಿ. ಒಬ್ರು ಸತ್ತೇ ಇಲ್ಲ ಅಂತಾರೆ, ಒಬ್ರು ಸತ್ತಿದ್ದೇ ಸರಿ ಅಂತಾರೆ. ಎಂಗೆ ಸತ್ತೆ ಅಂತ ನಂಗೇ ಗೊತ್ತಿಲ್ವಲ್ಲಾ. ಓದವ್ವ ರೂಪಾ. ಇವ್ರನ್ನ ಆಮೇಲೆ ವಡ್ಯೀವ್ರಂತೆ."

ಅಜ್ಜಿಯ ಮಾತಿಗೆ ಎದುರಿಲ್ಲ. ಕೆಂಪಣ್ಣ ಒಂದು ಟೈರಿನ ಮೇಲೆ ಕೂತ, ಕೀರ್ತಿರಾಜ್ ಇನ್ನೊಂದರ ಮೇಲೆ. ಚಲುವನಾರಾಯಣನಿಗೆ ಕೂರು ಎನ್ನಲಿಲ್ಲ ಯಾರೂ. ರೂಪಶ್ರೀ ಓದಿದಳು.

"ಐದೂಕಾಲಿಗೆ ನಲ್ಲಿ ಬಂತು. ಚಿಕ್ಕತಾಯಮ್ಮ ರಾತ್ರಿಯೇ ಇಟ್ಟಿದ್ದ ಬಿಂದಿಗೆ ತುಂಬಿತು. ತುಂಬಿದ ಮೇಲೂ ನೀರು ಬೀಳುತ್ತಲೇ ಇತ್ತು. ದಿನವೂ ತನ್ನ ಬಿಂದಿಗೆ ಎತ್ತಿಟ್ಟ ಮೇಲೆ, ನಿದ್ದೆಯಲ್ಲಿರುವ ಪಕ್ಕದ ಮನೆಯವರ ಬಿಂದಿಗೆಯನ್ನೂ ಅವಳೇ ಎಳೆದು ಹಿಡಿಯುತ್ತಿದ್ದಳು. ಅದನ್ನು ಯಾರೂ ಹೇಳಿರಲಿಲ್ಲ, ಯಾರೂ ಗಮನಿಸಿರಲಿಲ್ಲ. ಅವತ್ತು ಆರಕ್ಕೆ ನಲ್ಲಿ ನಿಂತಿತು. ಪಕ್ಕದ ಮನೆಯ ಬಿಂದಿಗೆ ಖಾಲಿ ಇತ್ತು."

ಪುಟ ಮುಗಿಯಿತು. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ದೊಡ್ಡತಾಯಮ್ಮ, ಇಷ್ಟೇನಾ ಎಂದಳು. ಕೆಂಪಣ್ಣ ಮೀಸೆ ಕಡಿಯುತ್ತ ನೆಲ ನೋಡುತ್ತಿದ್ದ. ಎಲ್ಲೋ ಕುಕ್ಕರು ಕೂಗುವುದಕ್ಕೆ ಮುಂಚೆ ಬರುವಂಥ ಒಂದು ಸಣ್ಣ ಸದ್ದು ಕೇಳಿತು. ಎಲ್ಲರೂ ತಿರುಗಿದರು. ಕೀರ್ತಿರಾಜನ ಗಲ್ಲ ನಡುಗುತ್ತಿತ್ತು.

"ನಮ್ಮಜ್ಜಿ," ಎಂದ ಅವನು. "ಗರಡಿಯಿಂದ ಬರೋ ಒತ್ಗೆ ದಿನಾ ನೀರು ಕಾಯ್ಸಿಟ್ಟಿರೋಳು. ಯಾರು ಕಾಯ್ಸೋದು ಅಂತ ನಾನು ಒಂದಿನ ಕೇಳ್ನಿಲ್ಲ ಅಣ್ಣ."

ಆಮೇಲೆ ಅತ್ತುಬಿಟ್ಟ ನೋಡಿ, ಅದು ಅಳು. ಬೀದಿಯ ಇಕ್ಕೆಲದ ಅಂಗಡಿಯವರು ಹೊರಗೆ ಬಂದರು. ಪಂಕ್ಚರ್ ನೋಡುವ ತೊಟ್ಟಿಯಲ್ಲಿ ನೀರು ನಾಲ್ಕು ಬೆರಳು ಏರಿತು ಎಂದರೆ ನಂಬುವುದಿಲ್ಲ ನೀವು. ಎರಡು ಬೆರಳು ಎಂದು ಇಟ್ಟುಕೊಳ್ಳಿ. ದೊಡ್ಡತಾಯಮ್ಮ ಅವನ ಬೆನ್ನು ಸವರುತ್ತ, ಅಳಪ್ಪ, ಚೆಂದಾಗಿ ಅಳು ಎಂದು ಹುರಿದುಂಬಿಸಿದಳು. ಸೂರ್ಯ ಇನ್ನೂ ಗರಿಗಳ ಮೇಲೇ ಇದ್ದ.

ಚಲುವನಾರಾಯಣನಿಗೆ ಏನಾಯಿತೋ. ಬೆಳಗಿನಿಂದ ತುಂಬಿಕೊಂಡಿದ್ದ ಭಯವೆಲ್ಲ ಹಾರಿ, ಏಳು ವರ್ಷ ಕಾದದ್ದು ಇದಕ್ಕೇ ಎಂಬಂತೆ ಮುಂದೆ ಬಂದು, ಅಳುವವನ ಮುಖದ ಹತ್ತಿರ ಮುಖವಿಟ್ಟು, ಕಣ್ಣು ಅರಳಿಸಿ ನೋಡುತ್ತ ನಿಂತ. ಒಂದು ಹನಿಯನ್ನೂ ಬಿಡಲಿಲ್ಲ.

"ಯಾವ ಸಾಲಿಗೆ ಬಂತು ನಿಮಗೆ ಅಳು? ಬಿಂದಿಗೆ ಖಾಲಿ ಇತ್ತು ಅನ್ನೋದಕ್ಕೋ, ಅದಕ್ಕಿಂತ ಮುಂಚೆಯೋ?" ಎಂದು ಕೇಳಿದ.

ಕೆಂಪಣ್ಣ ಅಷ್ಟರಲ್ಲಿ ಜೋಯಿಸರಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದ. ಸುದ್ದಿ ಕೇಳಿ ಜೋಯಿಸರು, ತಾಯಿಯ ಕಂಟಕ ಪೂರ್ತಿ ಕಳೆಯಿತು, ಇನ್ನು ನೂರು ವರ್ಷಕ್ಕೆ ಅಡ್ಡಿಯಿಲ್ಲ ಎಂದರು. ಚಲುವನಾರಾಯಣ ಕಣ್ಣು ಮುಚ್ಚಿ ಉಸಿರು ಬಿಟ್ಟ. ಆ ಉಸಿರಿಗೆ ಅಂಗಡಿಯ ಬೋರ್ಡು ಅಲ್ಲಾಡಿತು.

"ಅಂದ ಹಾಗೆ ಕೆಂಪಣ್ಣ," ಎಂದರು ಜೋಯಿಸರು, "ಸುದ್ದಿ ಬರೆದವನು ಅಲ್ಲಿ ಇರಲಿಲ್ಲ ತಾನೆ? ಸುಳ್ಳು ಸಾವಿನ ಸುದ್ದಿ ತಂದವನು ಮುಟ್ಟಿಸಿದ ತಕ್ಷಣ ಹಿಂದೆ ನೋಡದೆ ಹೊರಟುಹೋಗಬೇಕು. ನಿಂತು ಅಳು ನೋಡಬಾರದು. ನೋಡಿದರೆ ಕಂಟಕ ಅವನ ಹೆಗಲಿಗೆ ದಾಟಿಬಿಡುತ್ತೆ."

ಎಲ್ಲರೂ ಚಲುವನಾರಾಯಣನನ್ನು ನೋಡಿದರು.

"ನೋಡೋದೇನು ಬಂತು," ಎಂದ ಕೆಂಪಣ್ಣ. "ಯಾವ ಸಾಲಿಗೆ ಅಂತ ಕೇಳುದ್ರು."

"ಹಾಗಾದರೆ ಅವರಿಗೆ ಇವತ್ತಿನಿಂದ ಒಂಬತ್ತು ದಿನ," ಎಂದು ಜೋಯಿಸರು ಫೋನು ಇಟ್ಟರು.

ಬರವಣಿಗೆಯಲ್ಲಿ ಚಲುವನಾರಾಯಣ ಇಂಥದನ್ನೆಲ್ಲ ನಂಬದವನು. ಆದರೆ ಚನ್ನರಾಯಪಟ್ಟಣದ ಹೆದ್ದಾರಿಯ ಪಕ್ಕದಲ್ಲಿ, ಸಂಜೆಗೆ ಗೂಡು ಸೇರುವ ಸಾವಿರಾರು ಕಾಗೆಗಳು ಒಟ್ಟಿಗೇ ತಲೆಯ ಮೇಲೆ ಹಾರುವಾಗ ನಂಬದಿರುವುದು ಕಷ್ಟ. ಕೆಂಪಣ್ಣ ಬಂದು ಅವನ ಭುಜ ಅಪ್ಪಿಕೊಂಡ. ಅವನ ಮೇಲಿನ ಸಿಟ್ಟೆಲ್ಲ ಹೋಗಿ ಈಗ ಅಪಾರ ಪ್ರೀತಿ ಬಂದಿತ್ತು. ಸಿಟ್ಟಿಗಿಂತ ಅದೇ ಹೆಚ್ಚು ನೋಯಿಸಿತು.

"ಎದ್ರುಕಬ್ಯಾಡಿ ಸಾಮಿ. ನಮ್ಮವ್ವನ್ನ ಉಳ್ಸಿದ್ದೀರಿ, ನಿಮ್ಮನ್ನ ನಾನು ಬುಟ್ಟಾಕ್ತೀನಾ? ಒಂಬತ್ತು ದಿನ ಯಾಕೆ, ಈಗ್ಲೇ ಮುಗ್ಸಾನ. ನಿಮಗೋಸ್ಕರ ಅಳೋರು ಮನೇಲೇ ಅವ್ರಲ್ಲಾ."

ಹೇಳುತ್ತಲೇ ಸರಸಳ ನಂಬರು ಒತ್ತಿದ. ಯಾರೂ ಉಸಿರೆತ್ತಬಾರದೆಂದು ಸನ್ನೆ ಮಾಡಿದ. ಕೀರ್ತಿರಾಜ್ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದ. ಚಲುವನಾರಾಯಣ, ಸರಸ ಫೋನಿನಲ್ಲಿ ಕಂಡಾಳೆಂಬ ಹಾಗೆ, ಟೈರುಗಳ ಹಿಂದೆ ಅಡಗಿ ಕಿವಿ ಮಾತ್ರ ಹೊರಗಿಟ್ಟ. ಕೆಂಪಣ್ಣ ದನಿಯನ್ನು ಬಾವಿಯ ತಳದಿಂದ ಎತ್ತಿದ.

"ತಾಯೀ, ಕೆಂಪಣ್ಣ ಮಾತಾಡ್ತಿರೋದು. ಮನ್ಸು ಗಟ್ಟಿ ಮಾಡ್ಕಳಿ. ಸಾಮೇರು ಓಗ್ಬುಟ್ರು ಕಣವ್ವ."

ಅತ್ತಲಿಂದ ಮಾತಿಲ್ಲ. ಒಂದು ಕ್ಷಣ, ಎರಡು ಕ್ಷಣ. ಆಮೇಲೆ ಸುಯ್ ಎಂದು ಸಣ್ಣದೊಂದು ಸದ್ದು ಬಂತು. ಅತ್ತಳು ಎಂದು ಚಲುವನಾರಾಯಣನ ಮುಖ ಅರಳಿತು. ಅದು ಒಗ್ಗರಣೆ.

ಒಗ್ಗರಣೆ ಆರಿದ ಮೇಲೆ ಸರಸಳ ದನಿ ಕೇಳಿತು.

"ಎಷ್ಟನೇ ಪುಟದಲ್ಲಿ?"